ಮಳೆಯ ನೆರಳಿನ ನಾಡು ಜತ್ತ

ಸಾಂಗಲಿಯಿಂದ ಜತ್ತಕ್ಕೆ ಹೋಗುವ ಎಸ್.ಟಿ. ಬಸ್ಸನ್ನು ಹತ್ತಿ ಕಿಟಕಿಯ ಬದಿಗೆ ಕುಳಿತುಕೊಳ್ಳಿರಿ. ಮೊದಲು ಕೃಷ್ಣಾ ನದಿಯ ದಡದ ಕಪ್ಪು ಹೊಲಗಳು ಕಾಣುತ್ತವೆ. ಎಲ್ಲಿ ನೋಡಿದರೂ ಕಬ್ಬು, ಅರಿಸಿನ. ಮಿರಜ ದಾಟಿ ಕವಠೆ ಮಹಾಂಕಾಳದ ಕಡೆಗೆ ಬಸ್ಸು ಸಾಗಿದಂತೆ ಕಬ್ಬು ಕಡಿಮೆಯಾಗುತ್ತದೆ, ದ್ರಾಕ್ಷಿಯ ಚಪ್ಪರಗಳು ಬರುತ್ತವೆ. ಇನ್ನೂ ಮುಂದೆ ಹೋದರೆ ಬೋಳು ಗುಡ್ಡ, ಕಲ್ಲು ತುಂಬಿದ ನೆಲ, ಅಲ್ಲಲ್ಲಿ ಜಾಲಿ ಮತ್ತು ಬೇವಿನ ಮರ. ದಾರಿಯ ಬದಿಯಲ್ಲಿ ಕುರಿಯ ಹಿಂಡು. ಬಸ್ಸಿನಲ್ಲಿ ಹತ್ತುವ ಜನರ ಮಾತು ಕೂಡ ಬದಲಾಗುತ್ತದೆ. ಮರಾಠಿಯ ಜೊತೆಗೆ ಕನ್ನಡ ಕೇಳಿಸತೊಡಗುತ್ತದೆ. “ಎಲ್ಲಿಗಿ ಹೊಂಟೀರಿ ಅಜ್ಜಾ?” “ಗುಡ್ಡಾಪುರಕ್ಕ ಹೊಂಟೀನಪ್ಪಾ.” ಈಗ ನೀವು ಜತ್ತ ತಾಲೂಕಿಗೆ ಬಂದಿದ್ದೀರಿ.

ನಿಮ್ಮಲ್ಲಿ ಕೆಲವರಿಗೆ ಇದು ಸ್ವಂತ ಊರು. ಅಕ್ಕಲಕೋಟೆ, ಸೊಲ್ಲಾಪುರ, ಮುಂಬಯಿಯ ಕಡೆಯ ಮಕ್ಕಳಿಗೆ ಇದು ಹೆಸರು ಕೇಳಿದ ಊರು. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಕಬ್ಬು ತೂಗುತ್ತದೆ, ಇನ್ನೊಂದು ಕಡೆ ಜನ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುತ್ತಾರೆ. ಹೀಗೇಕೆ? ಬನ್ನಿ, ತಿಳಿದುಕೊಳ್ಳೋಣ.

ಜತ್ತ ಎಲ್ಲಿದೆ?

ಸಾಂಗಲಿ ಜಿಲ್ಲೆಯಲ್ಲಿ ಹತ್ತು ತಾಲೂಕುಗಳಿವೆ. ಅವುಗಳಲ್ಲಿ ವಿಸ್ತಾರದಿಂದ ಎಲ್ಲಕ್ಕಿಂತ ದೊಡ್ಡದು ಜತ್ತ. ಇದರ ಕ್ಷೇತ್ರ ಸುಮಾರು 2,250 ಚದರ ಕಿಲೋಮೀಟರ್. ಎಂದರೆ ಇಡೀ ಜಿಲ್ಲೆಯ ಸುಮಾರು ಕಾಲುಭಾಗದಷ್ಟು ನೆಲ ಈ ಒಂದೇ ತಾಲೂಕಿನಲ್ಲಿದೆ. ಆದರೆ ಜನರು ಅಷ್ಟಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 28 ಲಕ್ಷ ದಾಟಿತ್ತು. ಜತ್ತ ತಾಲೂಕಿನಲ್ಲಿ ಇದ್ದವರು 3 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ನೆಲ ಹೆಚ್ಚು, ಜನ ಕಡಿಮೆ. ನೀರು ಎಲ್ಲಿ ಹೆಚ್ಚೋ ಅಲ್ಲಿ ಊರುಗಳು ಒತ್ತೊತ್ತಾಗಿ ಬೆಳೆಯುತ್ತವೆ. ನೀರು ಎಲ್ಲಿ ಕಡಿಮೆಯೋ ಅಲ್ಲಿ ಊರುಗಳು ದೂರ ದೂರ ಇರುತ್ತವೆ.

ಭೂಪಟವನ್ನು ತೆಗೆದು ನೋಡಿರಿ. ಜತ್ತವು ಜಿಲ್ಲೆಯ ಪೂರ್ವದ ತುದಿಯಲ್ಲಿದೆ. ಇದರ ಪಶ್ಚಿಮಕ್ಕೆ ಕವಠೆ ಮಹಾಂಕಾಳ ತಾಲೂಕು, ಉತ್ತರಕ್ಕೆ ಸೊಲ್ಲಾಪುರ ಜಿಲ್ಲೆಯ ಸಾಂಗೋಲೆ ಮತ್ತು ಮಂಗಳವೇಢೆ ತಾಲೂಕುಗಳು ಇವೆ. ಪೂರ್ವಕ್ಕೆ ಕರ್ನಾಟಕದ ವಿಜಯಪುರ ಜಿಲ್ಲೆ, ದಕ್ಷಿಣಕ್ಕೆ ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕು. ಹೀಗೆ ತಾಲೂಕಿನ ಎರಡು ದಿಕ್ಕುಗಳಲ್ಲಿ ಬೇರೆ ರಾಜ್ಯವಿದೆ.

ಜತ್ತ ಪಟ್ಟಣದಿಂದ ಜಿಲ್ಲೆಯ ಮುಖ್ಯ ಸ್ಥಳವಾದ ಸಾಂಗಲಿ ಸುಮಾರು 90 ಕಿಲೋಮೀಟರ್ ದೂರ. ವಿಜಯಪುರ ಅದಕ್ಕಿಂತ ಹತ್ತಿರ, ಸುಮಾರು 65 ಕಿಲೋಮೀಟರ್. ಉಮದಿಯಂಥ ಪೂರ್ವದ ಊರುಗಳಿಂದ ಸಾಂಗಲಿಗೆ ಹೋಗಲು ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಬೇಕು. ಕಚೇರಿಯ ಕೆಲಸಕ್ಕೆ ಹೋದವರು ಮನೆಗೆ ಮರಳುವಾಗ ಕತ್ತಲಾಗಿರುತ್ತದೆ. ಜತ್ತ ಪಟ್ಟಣಕ್ಕೆ ರೈಲು ಇಲ್ಲ. ಮಿರಜದಿಂದ ಪಂಢರಪುರಕ್ಕೆ ಹೋಗುವ ರೈಲುದಾರಿಯಲ್ಲಿ ‘ಜತ್ ರೋಡ್’ ಎಂಬ ನಿಲ್ದಾಣವಿದೆ. ಹೆಸರು ಜತ್ತದ್ದಾದರೂ ನಿಲ್ದಾಣ ಪಟ್ಟಣದಿಂದ ದೂರದಲ್ಲಿದೆ. ಆದ್ದರಿಂದ ಇಲ್ಲಿಯ ಜನರಿಗೆ ಬಸ್ಸೇ ಮುಖ್ಯ ಆಧಾರ.

ಮಳೆ ಏಕೆ ಕಡಿಮೆ?

ಕೊಂಕಣದ ಕಡಲತೀರದಲ್ಲಿ ಗುಹಾಗರ ಎಂಬ ಊರಿದೆ. ಅಲ್ಲಿಂದ ಹೊರಟ ಹೆದ್ದಾರಿಯೊಂದು ಚಿಪಳೂಣ, ಕೊಯ್ನಾ, ಕರಾಡ, ವಿಟಾ ಊರುಗಳ ಮೂಲಕ ಜತ್ತಕ್ಕೆ ಬಂದು, ಮುಂದೆ ವಿಜಯಪುರಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಮೋಡಗಳೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ಬರುತ್ತವೆ ಎಂದುಕೊಳ್ಳಿರಿ. ನಾವೂ ಮೋಡದ ಜೊತೆಗೆ ಹೊರಡೋಣ.

ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ನೈಋತ್ಯ ಮಾನ್ಸೂನ್ ಗಾಳಿ ಬೀಸುತ್ತದೆ. ಅದರಲ್ಲಿ ಬಹಳಷ್ಟು ನೀರಾವಿ ಇರುತ್ತದೆ. ಗುಹಾಗರ, ಚಿಪಳೂಣ ದಾಟಿದ ಕೂಡಲೆ ಈ ಗಾಳಿಗೆ ಸಹ್ಯಾದ್ರಿ ಬೆಟ್ಟ ಅಡ್ಡ ಬರುತ್ತದೆ. ಗಾಳಿ ಬೆಟ್ಟವನ್ನು ಏರಲೇಬೇಕು. ಮೇಲೆ ಏರಿದಂತೆ ಅದು ತಂಪಾಗುತ್ತದೆ. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳವನ್ನು ತೆಗೆದು ನೋಡಿದ್ದೀರಾ? ಮುಚ್ಚಳದ ಒಳಗೆ ನೀರಿನ ಹನಿಗಳು ಅಂಟಿಕೊಂಡಿರುತ್ತವೆ. ಬಿಸಿಯಾದ ಆವಿ ತಂಪು ತಗಲಿದ ಕೂಡಲೆ ಹನಿಯಾಗುತ್ತದೆ. ಬೆಟ್ಟದ ಮೇಲೆ ನಡೆಯುವುದೂ ಇದೇ. ಆವಿಯು ಹನಿಯಾಗಿ, ಮೋಡವಾಗಿ, ಮಳೆಯಾಗಿ ಸುರಿಯುತ್ತದೆ. ಕೊಯ್ನಾ ಕಣಿವೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ.

ಬೆಟ್ಟವನ್ನು ದಾಟಿದ ಗಾಳಿ ಈಗ ಪೂರ್ವದ ಕಡೆಗೆ ಇಳಿಯುತ್ತದೆ. ಅದರಲ್ಲಿಯ ನೀರಾವಿ ಬಹುಪಾಲು ಖರ್ಚಾಗಿದೆ. ಕೆಳಗೆ ಇಳಿದಂತೆ ಗಾಳಿ ಬೆಚ್ಚಗಾಗುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಮೋಡ ಕರಗುತ್ತದೆ. ಕರಾಡಕ್ಕೆ ಬರುವಷ್ಟರಲ್ಲಿ ಮಳೆ ಕೊಯ್ನಾದ ಕಾಲುಭಾಗಕ್ಕಿಂತಲೂ ಕಡಿಮೆ. ಜತ್ತಕ್ಕೆ ಬರುವಷ್ಟರಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಾತ್ರ. ಕೆಲವು ವರ್ಷ ಅಷ್ಟೂ ಆಗುವುದಿಲ್ಲ.

ಮರದ ಹಿಂದೆ ನಿಂತರೆ ಬಿಸಿಲು ತಗಲುವುದಿಲ್ಲ. ಅದಕ್ಕೆ ನೆರಳು ಎನ್ನುತ್ತೇವೆ. ಹಾಗೆಯೇ ಬೆಟ್ಟದ ಹಿಂದಿರುವ ಊರುಗಳಿಗೆ ಮಳೆ ತಗಲುವುದಿಲ್ಲ. ಇಂಥ ನಾಡಿಗೆ ‘ಮಳೆಯ ನೆರಳಿನ ಪ್ರದೇಶ’ ಎಂದು ಹೆಸರು. ಜೂನ್, ಜುಲೈ ತಿಂಗಳಲ್ಲಿ ಜತ್ತದ ಆಕಾಶದಲ್ಲಿ ಮೋಡಗಳು ಓಡುತ್ತಿರುತ್ತವೆ. ಜನ ತಲೆ ಎತ್ತಿ ನೋಡುತ್ತಾರೆ. ಮೋಡಗಳು ನಿಲ್ಲದೆ ಮುಂದೆ ಹೋಗುತ್ತವೆ.

ಹಾಗಾದರೆ ಇಲ್ಲಿ ಮಳೆ ಯಾವಾಗ ಬರುತ್ತದೆ? ಹೆಚ್ಚಿನ ಮಳೆ ಸೆಪ್ಟೆಂಬರ್ ತಿಂಗಳಲ್ಲಿ. ಆಗ ಪಶ್ಚಿಮದ ಗಾಳಿಯ ಜೋರು ಕಡಿಮೆಯಾಗಿರುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದಲೂ ಮೋಡಗಳು ಬರುತ್ತವೆ. ಹಗಲೆಲ್ಲ ಬಿಸಿಲು ಕಾದು, ಸಂಜೆಗೆ ಗುಡುಗು ಸಿಡಿಲಿನೊಂದಿಗೆ ಮಳೆ ಸುರಿಯುತ್ತದೆ. ಉತ್ತರಿ ಮಳೆ, ಹಸ್ತಾ ಮಳೆ ಎಂದು ರೈತರು ಕಾಯುವುದು ಇದನ್ನೇ. ಈ ಮಳೆ ತಪ್ಪಿತೆಂದರೆ ಆ ವರ್ಷದ ಜೋಳ ತಪ್ಪಿದಂತೆಯೇ.

ಕಲ್ಲು ಮತ್ತು ಮಣ್ಣು

ಜತ್ತವು ದಖ್ಖನ ಪ್ರಸ್ಥಭೂಮಿಯ ಒಂದು ಭಾಗ. ಜತ್ತ ಪಟ್ಟಣ ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿಯ ನೆಲದ ಕೆಳಗೆ ಇರುವುದು ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾರಸ ಹೊರಗೆ ಬಂದು ಪದರು ಪದರಾಗಿ ಹರಡಿತು. ಅದು ಆರಿ ಗಟ್ಟಿಯಾಗಿ ಈ ಕಲ್ಲಾಯಿತು.

ಕರಿಕಲ್ಲು ಬಹಳ ಗಟ್ಟಿ. ಅದರಲ್ಲಿ ನೀರು ಇಂಗುವುದಿಲ್ಲ. ಕಲ್ಲಿನ ಬಿರುಕುಗಳಲ್ಲಿ ಮಾತ್ರ ಸ್ವಲ್ಪ ನೀರು ನಿಲ್ಲುತ್ತದೆ. ಆದ್ದರಿಂದಲೇ ಒಬ್ಬರ ಹೊಲದಲ್ಲಿ ಕೊಳವೆಬಾವಿಗೆ ನೀರು ಬೀಳುತ್ತದೆ, ಪಕ್ಕದ ಹೊಲದಲ್ಲಿ ಎಷ್ಟು ಆಳ ಕೊರೆದರೂ ಬರೀ ಕಲ್ಲಿನ ಪುಡಿ ಏಳುತ್ತದೆ. ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ನೀರು ಬೀಳದಿದ್ದರೆ ಆ ಮನೆಗೆ ಎಷ್ಟು ಕಷ್ಟ ಎಂಬುದು ಇಲ್ಲಿಯ ಮಕ್ಕಳಿಗೆ ಗೊತ್ತು.

ಮಣ್ಣಿನಲ್ಲಿಯೂ ಎರಡು ಬಗೆ. ಗುಡ್ಡದ ಮೇಲೆ ಮತ್ತು ಇಳಿಜಾರಿನಲ್ಲಿ ತೆಳುವಾದ ಮರಡಿ ನೆಲ. ಗೇಣು ಅಗೆದರೆ ಕಲ್ಲು ಸಿಗುತ್ತದೆ. ಹಳ್ಳಗಳ ಬದಿಯಲ್ಲಿ ಆಳವಾದ ಎರೆಮಣ್ಣು. ಎರೆಮಣ್ಣು ನೀರನ್ನು ಹೀರಿ ಬಹಳ ದಿನ ಹಿಡಿದಿಡುತ್ತದೆ. ಸೆಪ್ಟೆಂಬರಿನ ಮಳೆ ಕುಡಿದ ಎರೆಹೊಲ ಚಳಿಗಾಲವಿಡೀ ಒಳಗೆ ತೇವವಾಗಿರುತ್ತದೆ.

ಎರಡು ಕಡೆಗೆ ಹರಿಯುವ ನೀರು

ಮನೆಯ ಮೇಲಿನ ಹಂಚು ನೋಡಿದ್ದೀರಾ? ನಡುವೆ ಎತ್ತರ, ಎರಡೂ ಕಡೆಗೆ ಇಳಿಜಾರು. ಒಂದು ಹನಿ ಈ ಕಡೆಗೆ ಜಾರುತ್ತದೆ, ಅದರ ಪಕ್ಕದ ಹನಿ ಆ ಕಡೆಗೆ ಜಾರುತ್ತದೆ. ಜತ್ತದ ನೆಲವೂ ಹಾಗೆಯೇ ಇದೆ.

ತಾಲೂಕಿನ ಒಂದು ಕಡೆಯ ನೀರು ಬೋರ್ ನದಿಯನ್ನು ಸೇರುತ್ತದೆ. ಬೋರ್ ನದಿ ಪೂರ್ವಕ್ಕೆ ಹರಿದು ಭೀಮಾ ನದಿಯನ್ನು ಕೂಡುತ್ತದೆ. ಜತ್ತದ ಹತ್ತಿರವೇ ಹುಟ್ಟುವ ಇನ್ನೊಂದು ನದಿ ಡೋಣಿ. ಅದು ವಿಜಯಪುರ ಜಿಲ್ಲೆಯ ಎರೆಭೂಮಿಯಲ್ಲಿ ಹರಿದು ಕೃಷ್ಣಾ ನದಿಯನ್ನು ಕೂಡುತ್ತದೆ. ಡೋಣಿ ಚೆನ್ನಾಗಿ ಹರಿದ ವರ್ಷ ಓಣಿ ಓಣಿಯಲ್ಲಿಯೂ ಜೋಳದ ರಾಶಿ ಎಂದು ಆ ಕಡೆಯ ಜನ ಹೇಳುತ್ತಾರೆ. ಹೀಗೆ ನೀರನ್ನು ಎರಡು ಕಡೆಗೆ ಹಂಚುವ ಎತ್ತರದ ನೆಲಕ್ಕೆ ‘ಜಲವಿಭಾಜಕ’ ಎನ್ನುತ್ತಾರೆ.

ಇಲ್ಲಿ ಬೇರೆಯಾದ ಎರಡು ಹನಿಗಳು ಮುಂದೆ ಮತ್ತೆ ಕೂಡುತ್ತವೆ. ಏಕೆಂದರೆ ಭೀಮಾ ನದಿಯೂ ರಾಯಚೂರಿನ ಬಳಿ ಕೃಷ್ಣೆಯನ್ನೇ ಸೇರುತ್ತದೆ. ಅಲ್ಲಿಂದ ಎಲ್ಲ ನೀರೂ ಒಂದಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಬೋರ್ ಆಗಲಿ ಡೋಣಿಯಾಗಲಿ ಜತ್ತದಲ್ಲಿ ವರ್ಷವಿಡೀ ಹರಿಯುವುದಿಲ್ಲ. ಮಳೆ ಬಂದಾಗ ಕೆಂಪು ನೀರು ಭರದಿಂದ ಬರುತ್ತದೆ. ಕೆಲವು ದಿನ ಕಳೆದರೆ ಮರಳು ಮಾತ್ರ ಉಳಿಯುತ್ತದೆ. ಓಡಿ ಹೋಗುವ ನೀರನ್ನು ತಡೆದು ನಿಲ್ಲಿಸಲು ಸಂಖ ಮತ್ತು ದೊಡ್ಡನಾಲಾ ಎಂಬಲ್ಲಿ ಮಧ್ಯಮ ಪ್ರಮಾಣದ ಆಣೆಕಟ್ಟುಗಳನ್ನು ಕಟ್ಟಿದ್ದಾರೆ. ಇವಲ್ಲದೆ ಅನೇಕ ಊರುಗಳಲ್ಲಿ ಚಿಕ್ಕ ಕೆರೆಗಳಿವೆ. ಒಳ್ಳೆಯ ಮಳೆಯಾದ ವರ್ಷ ಇವು ತುಂಬುತ್ತವೆ. ಮಳೆ ಇಲ್ಲದ ವರ್ಷ ಕೆರೆಯ ತಳ ಒಡೆದ ಹಂಚಿನಂತೆ ಬಿರುಕು ಬಿಡುತ್ತದೆ.

ಹೊಲ ಮತ್ತು ತೋಟ

ಕಡಿಮೆ ನೀರಿನಲ್ಲಿ ಬದುಕುವುದು ಹೇಗೆಂದು ಇಲ್ಲಿಯ ರೈತರು ತಲೆಮಾರುಗಳಿಂದ ಕಲಿತಿದ್ದಾರೆ. ಮುಂಗಾರಿನಲ್ಲಿ ಮರಡಿ ನೆಲಕ್ಕೆ ಸಜ್ಜೆ, ಮಡಕಿ, ತೊಗರಿ, ಶೇಂಗಾ ಬಿತ್ತುತ್ತಾರೆ. ಸಜ್ಜೆಗೆ ನೀರು ಬಹಳ ಬೇಡ, ಬೇಗನೆ ತೆನೆ ಬಿಡುತ್ತದೆ. ಹಿಂಗಾರಿನಲ್ಲಿ ಎರೆಹೊಲಕ್ಕೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಬಿಳಿಜೋಳದಲ್ಲಿ ಮಾಲದಂಡಿ ಎಂಬ ಜಾತಿ ಈ ಭಾಗದಲ್ಲೆಲ್ಲ ಹೆಸರಾದದ್ದು. ಬಿತ್ತಿದ ಮೇಲೆ ಒಂದು ಮಳೆಯೂ ಬಾರದಿದ್ದರೂ ಮಣ್ಣಿನೊಳಗಿನ ತೇವದಿಂದಲೇ ಜೋಳ ಆಳೆತ್ತರ ಬೆಳೆಯುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ. ಒಂದೇ ಬೆಳೆಯಿಂದ ಎರಡು ಹೊಟ್ಟೆ ತುಂಬುತ್ತವೆ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಜೋಳ ಹಸಿರಾಗಿ ನಿಂತಿರುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುತ್ತಾರೆ.

ಈಚಿನ ವರ್ಷಗಳಲ್ಲಿ ದಾಳಿಂಬೆ ಮತ್ತು ದ್ರಾಕ್ಷಿಯ ತೋಟಗಳು ಹೆಚ್ಚಾಗಿವೆ. ಇವಕ್ಕೆ ಹನಿ ನೀರಾವರಿ ಮಾಡುತ್ತಾರೆ. ಕೊಳವೆಯ ಚಿಕ್ಕ ರಂಧ್ರದಿಂದ ಗಿಡದ ಬುಡಕ್ಕಷ್ಟೇ ಹನಿ ಹನಿಯಾಗಿ ನೀರು ಬೀಳುತ್ತದೆ, ಒಂದು ತಂಬಿಗೆಯಷ್ಟೂ ವ್ಯರ್ಥವಾಗುವುದಿಲ್ಲ. ದ್ರಾಕ್ಷಿಯನ್ನು ಉದ್ದನೆಯ ಷೆಡ್ಡುಗಳಲ್ಲಿ ಬಲೆಯ ಮೇಲೆ ಹರಡಿ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಕೊಂಕಣದಂಥ ತೇವದ ನಾಡಿನಲ್ಲಿ ಹೀಗೆ ಒಣಗಿಸಿದರೆ ಹಣ್ಣು ಕೊಳೆಯುತ್ತದೆ. ಜತ್ತದ ಒಣಗಾಳಿಯಲ್ಲಿ ಅದು ಚೆನ್ನಾಗಿ ಒಣಗುತ್ತದೆ. ಮಳೆ ತಾರದ ಗಾಳಿ ಇಲ್ಲಿ ಹೀಗೆ ಉಪಯೋಗಕ್ಕೆ ಬಂದಿದೆ.

ದನ, ಕುರಿ

ಬೆಳೆ ಕೈಕೊಟ್ಟಾಗ ಮನೆಯನ್ನು ಹಿಡಿದೆತ್ತುವುದು ದನ ಕುರಿಗಳು. ಈ ಭಾಗದ ಖಿಲಾರಿ ದನಗಳು ಬೆಳ್ಳಗೆ, ಎತ್ತರವಾಗಿ, ಉದ್ದ ಕೋಡಿನಿಂದ ನೋಡಲು ಅಂದವಾಗಿರುತ್ತವೆ. ಖಿಲಾರಿ ಎತ್ತು ಬಿಸಿಲಿಗೆ ಬೇಗ ದಣಿಯುವುದಿಲ್ಲ, ಓಟದಲ್ಲಿಯೂ ಚುರುಕು. ಡಿಸೆಂಬರ್ ತಿಂಗಳಲ್ಲಿ ಜತ್ತದ ಯಲ್ಲಮ್ಮದೇವಿಯ ಜಾತ್ರೆಯಾಗುತ್ತದೆ. ಆಗ ಸೇರುವ ದನಗಳ ಸಂತೆಗೆ ಕರ್ನಾಟಕದಿಂದಲೂ ರೈತರು ಬರುತ್ತಾರೆ.

ತಾಲೂಕಿನ ಮಾಡಗ್ಯಾಳ ಎಂಬ ಊರು ಕುರಿಗಳಿಂದ ಹೆಸರಾಗಿದೆ. ಮಾಡಗ್ಯಾಳ ಕುರಿಯ ಮೈ ಬಿಳಿ, ಅದರ ಮೇಲೆ ಕಂದು ಬಣ್ಣದ ಮಚ್ಚೆ. ಕಾಲು ಉದ್ದ, ಮೂಗು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಉದ್ದ ಕಾಲಿನ ಕುರಿ ಮೇವು ಹುಡುಕುತ್ತ ದಿನವಿಡೀ ನಡೆಯಬಲ್ಲದು. ಕುರುಬರು ಮೇವು ನೀರು ಇರುವ ಕಡೆಗೆ ಹಿಂಡನ್ನು ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ. ಕುರಿ ಕೂಡಿಸಿದ ಹೊಲಕ್ಕೆ ಗೊಬ್ಬರ ಸಿಗುತ್ತದೆ, ಹೊಲದವರು ಕುರುಬರಿಗೆ ಕಾಳು ಕೊಡುತ್ತಾರೆ. ಒಬ್ಬರಿಗೊಬ್ಬರು ಆಸರೆ.

ಎರಡು ನುಡಿಗಳ ನೆಲ

ಜತ್ತದಲ್ಲಿ ಕನ್ನಡ ಹೇಗೆ ಬಂತು ಎಂದು ಕೆಲವರು ಕೇಳುತ್ತಾರೆ. ಅದು ಬೇರೆಲ್ಲಿಂದಲೋ ಬಂದದ್ದಲ್ಲ. ರಾಜ್ಯಗಳ ಗಡಿ ಎಳೆಯುವುದಕ್ಕಿಂತ ನೂರಾರು ವರ್ಷ ಮೊದಲಿನಿಂದಲೂ ಈ ನೆಲದಲ್ಲಿ ಕನ್ನಡ, ಮರಾಠಿ ಎರಡೂ ಇವೆ. ಊರುಗಳ ಹೆಸರನ್ನೇ ನೋಡಿರಿ. ಗುಡ್ಡಾಪುರದಲ್ಲಿ ‘ಗುಡ್ಡ’ ಇದೆ. ಬಿಳೂರಿನಲ್ಲಿ ‘ಊರು’ ಇದೆ. ಜಾಲಿಹಾಳದಲ್ಲಿ ‘ಜಾಲಿ’ ಇದೆ. ದೊಡ್ಡನಾಲಾ ಎಂಬ ಹೆಸರಿನಲ್ಲಿ ‘ದೊಡ್ಡ’ ಕನ್ನಡದ್ದು, ‘ನಾಲಾ’ ಮರಾಠಿಯದು. ಎರಡು ನುಡಿಗಳು ಒಂದು ಹೆಸರಿನಲ್ಲಿ ಕೈ ಹಿಡಿದು ನಿಂತಿವೆ!

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕಾಲದಲ್ಲಿ ಬಾಳಿದ ಶರಣೆ ದಾನಮ್ಮ ಹುಟ್ಟಿದ್ದು ಇದೇ ತಾಲೂಕಿನ ಉಮರಾಣಿಯಲ್ಲಿ ಎಂದು ನಂಬಿಕೆಯಿದೆ. ಆಕೆಯ ಮೊದಲಿನ ಹೆಸರು ಲಿಂಗಮ್ಮ. ಹಸಿದವರಿಗೆ ಅನ್ನ ನೀಡುವ ಗುಣದಿಂದ ದಾನಮ್ಮ ಎಂಬ ಹೆಸರು ಬಂತು ಎಂದು ಹೇಳುತ್ತಾರೆ. ಗುಡ್ಡಾಪುರದಲ್ಲಿ ದಾನಮ್ಮದೇವಿಯ ಗುಡಿ ಇದೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರದ ಜನರು ಸಾವಿರಾರು ಸಂಖ್ಯೆಯಲ್ಲಿ ನಡೆದುಕೊಂಡೇ ಬರುತ್ತಾರೆ. ಬರುವ ದಾರಿಯಲ್ಲಿ ಹಳ್ಳಿಯವರು ಅವರಿಗೆ ನೀರು, ಊಟ ಕೊಡುತ್ತಾರೆ. ನೀರು ಕಡಿಮೆ ಇರುವ ನಾಡಿನಲ್ಲಿ ನೀರು ಕೊಡುವುದೇ ದೊಡ್ಡ ದಾನ.

ಮುಂದೆ ವಿಜಯಪುರದ ಆದಿಲಶಾಹಿ ಅರಸರ ಕಾಲದಲ್ಲಿ ಡಫಳಾಪುರದ ಡಫಳೆ ಮನೆತನದವರು ಇಲ್ಲಿಯ ಆಡಳಿತ ಪಡೆದರು. ಜತ್ತ ಒಂದು ಚಿಕ್ಕ ಸಂಸ್ಥಾನವಾಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಈ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ‘ದಕ್ಷಿಣ ಸಾತಾರಾ’ ಎಂಬ ಹೊಸ ಜಿಲ್ಲೆಯಾದಾಗ ಜತ್ತ ಅದರ ಒಂದು ತಾಲೂಕಾಯಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಅದೇ ವರ್ಷ ಈ ಜಿಲ್ಲೆಗೆ ‘ಸಾಂಗಲಿ’ ಎಂಬ ಹೆಸರು ಬಂತು.

ಇಂದು ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಮರಾಠಿ ಶಾಲೆಗಳೂ ಇವೆ. ಮಕ್ಕಳು ಮನೆಯಲ್ಲಿ ‘ರೊಟ್ಟಿ’ ಎನ್ನುತ್ತಾರೆ, ಅಂಗಡಿಯಲ್ಲಿ ‘ಭಾಕರಿ’ ಎನ್ನುತ್ತಾರೆ. ‘ಮಳೆ’ ಎಂದರೂ ‘ಪಾಊಸ’ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಎರಡು ನುಡಿ ಬಲ್ಲವರಿಗೆ ಎರಡು ಊರಿನ ಬಾಗಿಲು ತೆರೆದಿರುತ್ತದೆ.

ಬರದ ದಿನಗಳು

ನಿಮ್ಮ ಅಜ್ಜ ಅಜ್ಜಿಯರನ್ನು 1972ರ ಬರದ ಬಗ್ಗೆ ಕೇಳಿರಿ. ಮಹಾರಾಷ್ಟ್ರದಲ್ಲೆಲ್ಲ ಆಗ ಭಾರಿ ಬರ ಬಿದ್ದಿತ್ತು. ಹೊಲದಲ್ಲಿ ಬೆಳೆಯಿಲ್ಲ, ಕೈಗೆ ಕೆಲಸವಿಲ್ಲ. ಸರಕಾರ ಕೆಲಸಗಳನ್ನು ತೆರೆಯಿತು. ಗಂಡಸರು, ಹೆಂಗಸರು ಬಿಸಿಲಿನಲ್ಲಿ ಖಡಿ ಒಡೆದರು, ರಸ್ತೆ ಮಾಡಿದರು, ಕೆರೆ ಅಗೆದರು, ಹೊಲಗಳಿಗೆ ಒಡ್ಡು ಹಾಕಿದರು. ಪರದೇಶದಿಂದ ತರಿಸಿದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿ ತಿಂದು ದಿನ ಕಳೆದರು. ಆ ಕಾಲದಲ್ಲಿ ಶುರುವಾದ ರೋಜಗಾರ ಹಮಿ ಯೋಜನೆ, ಎಂದರೆ ಕೆಲಸದ ಭರವಸೆಯ ಯೋಜನೆ, ಮುಂದೆ ಕಾಯಿದೆಯಾಯಿತು. ಇದನ್ನು ನೋಡಿ 2005ರಲ್ಲಿ ಇಡೀ ದೇಶಕ್ಕೆ ಅಂಥ ಕಾಯಿದೆ ಬಂತು.

ಆಮೇಲೂ ಬರಗಳು ಬಂದವು. 2012–13ರಲ್ಲಿ ಜತ್ತದ ಹಳ್ಳಿಗಳಿಗೆ ಟ್ಯಾಂಕರಿನಿಂದ ನೀರು ಒದಗಿಸಬೇಕಾಯಿತು. ಟ್ಯಾಂಕರು ಬಂದ ಸದ್ದು ಕೇಳಿದರೆ ಸಾಕು, ಕೊಡ, ಬಕೀಟು ಹಿಡಿದು ಎಲ್ಲರೂ ಓಡುತ್ತಾರೆ. ಎಷ್ಟೋ ಮನೆಗಳಲ್ಲಿ ನೀರು ತರುವ ಕೆಲಸ ಹುಡುಗಿಯರ ಪಾಲಿಗೆ ಬರುತ್ತದೆ. ಅವರ ಶಾಲೆಯ ಹೊತ್ತು ಸರತಿಯಲ್ಲಿ ಕಳೆಯುತ್ತದೆ.

ದೀಪಾವಳಿಯ ಸುಮಾರಿಗೆ ಅನೇಕ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮದ ಸಕ್ಕರೆ ಕಾರಖಾನೆಗಳ ಕಡೆಗೆ, ಕರ್ನಾಟಕದ ಕಡೆಗೆ ಹೋಗುತ್ತವೆ. ಅವ್ವ ಅಪ್ಪನ ಜೊತೆಗೆ ಮಕ್ಕಳೂ ಹೋದರೆ ತರಗತಿಯಲ್ಲಿ ಅವರ ಜಾಗ ಖಾಲಿ. ಅಜ್ಜಿಯ ಹತ್ತಿರ ಉಳಿದ ಮಕ್ಕಳಷ್ಟೇ ಶಾಲೆಗೆ ಬರುತ್ತಾರೆ. ಮಳೆಯ ಲೆಕ್ಕಕ್ಕೂ ಶಾಲೆಯ ಹಾಜರಿಗೂ ಹೀಗೆ ಸಂಬಂಧವಿದೆ.

ಏರಿ ಬಂದ ಕೃಷ್ಣೆ

ನೀರು ಯಾವಾಗಲೂ ಇಳಿಜಾರಿಗೆ ಹರಿಯುತ್ತದೆ. ಕೃಷ್ಣಾ ನದಿ ತಗ್ಗಿನಲ್ಲಿ ಹರಿಯುತ್ತದೆ. ಜತ್ತಕ್ಕೆ ಬರುವ ದಾರಿಯ ನೆಲ ಎತ್ತರದಲ್ಲಿದೆ. ಹಾಗಾದರೆ ಕೃಷ್ಣೆಯ ನೀರು ಇಲ್ಲಿಗೆ ಬರುವುದು ಹೇಗೆ? ಎತ್ತಿಯೇ ತರಬೇಕು.

ಮಿರಜ ತಾಲೂಕಿನ ಮ್ಹೈಸಾಳ ಎಂಬಲ್ಲಿ ಕೃಷ್ಣಾ ನದಿಯ ನೀರನ್ನು ದೊಡ್ಡ ಪಂಪುಗಳಿಂದ ಮೇಲೆತ್ತಿ ಕಾಲುವೆಗೆ ಬಿಡುತ್ತಾರೆ. ಸ್ವಲ್ಪ ದೂರ ಹರಿದ ಮೇಲೆ ಮತ್ತೆ ಪಂಪಿನಿಂದ ಎತ್ತುತ್ತಾರೆ. ಮಾಳಿಗೆಯ ಮೆಟ್ಟಿಲು ಏರಿದಂತೆ ನೀರು ಹಂತ ಹಂತವಾಗಿ ಮೇಲೇರುತ್ತದೆ. ಇದೇ ಮ್ಹೈಸಾಳ ಏತ ನೀರಾವರಿ ಯೋಜನೆ. ಈ ನೀರು ಜತ್ತದ ಪಶ್ಚಿಮ ಭಾಗದ ಹಳ್ಳಿಗಳಿಗೆ ಮುಟ್ಟಿದೆ. ಅಲ್ಲಿ ಬಾವಿಗಳ ನೀರೂ ಏರಿದೆ. ನೀರನ್ನು ಎತ್ತಲು ಬಹಳಷ್ಟು ವಿದ್ಯುತ್ತು ಬೇಕು, ವಿದ್ಯುತ್ತಿಗೆ ಹಣ ಬೇಕು. ಆದ್ದರಿಂದ ಈ ನೀರಿನ ಪ್ರತಿ ಹನಿಗೂ ಬೆಲೆಯಿದೆ.

ಪೂರ್ವದ ಹಳ್ಳಿಗಳು ನೀರಿಗಾಗಿ ಬಹಳ ವರ್ಷ ಕೇಳುತ್ತ ಬಂದವು. ಅಲ್ಲಿಗೂ ನೀರು ಮುಟ್ಟಿಸಲು ಮ್ಹೈಸಾಳ ಯೋಜನೆಯನ್ನು ವಿಸ್ತರಿಸುವ ಕೆಲಸ ಕೈಗೊಳ್ಳಲಾಗಿದೆ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆಗೆ ಬಂದಿತ್ತು. ಅದೂ ಕೃಷ್ಣೆಯದೇ ನೀರು. ಗಡಿಯ ಗೆರೆ ಭೂಪಟದಲ್ಲಿ ಇರುತ್ತದೆ, ಇಳಿಜಾರು ನೆಲದಲ್ಲಿ ಇರುತ್ತದೆ. ನೀರು ಕೇಳುವುದು ಇಳಿಜಾರಿನ ಮಾತನ್ನು.

ದೂರದಲ್ಲಿ ಇಂಥದೇ ಒಂದು ನಾಡು

ಗಡಿಯ ಈಚೆಗೆ ತಮ್ಮ ನುಡಿಯನ್ನು ಉಳಿಸಿಕೊಂಡು ಬಾಳುವವರು ನಾವಷ್ಟೇ ಅಲ್ಲ. ಏಷ್ಯಾ ಖಂಡದ ಭೂಪಟದಲ್ಲಿ ಮಂಗೋಲಿಯಾ ದೇಶವನ್ನು ಹುಡುಕಿರಿ. ಅದರ ಪಶ್ಚಿಮದ ತುದಿಯಲ್ಲಿ ಬಯಾನ್ ಉಲ್ಗೀ ಎಂಬ ಪ್ರಾಂತವಿದೆ. 1940ರಲ್ಲಿ ಆದ ಈ ಪ್ರಾಂತದಲ್ಲಿ ಹೆಚ್ಚಿನವರು ಕಝಾಕ್ ಜನರು. ದೇಶದ ಭಾಷೆ ಮಂಗೋಲಿಯನ್, ಅವರ ಮನೆಮಾತು ಕಝಾಕ್. ಅಲ್ಲಿಯ ಮಕ್ಕಳೂ ನಮ್ಮಂತೆ ಎರಡು ನುಡಿ ಕಲಿಯುತ್ತಾರೆ. ಅಲ್ಲಿ ಕಝಾಕ್ ಶಾಲೆಗಳಿವೆ.

ಅಲ್ಲಿ ಆಲ್ತಾಯ್ ಎಂಬ ದೊಡ್ಡ ಪರ್ವತಗಳಿವೆ. ಅವುಗಳ ಅತಿ ಎತ್ತರದ ಶಿಖರಗಳು 4,000 ಮೀಟರನ್ನು ದಾಟುತ್ತವೆ, ಮೇಲೆ ಸದಾ ಹಿಮ. ಮೋಡಗಳು ಪರ್ವತಕ್ಕೆ ತಾಗಿ ಬರಿದಾಗುವುದರಿಂದ ಕಣಿವೆಗಳಲ್ಲಿ ಮಳೆ ಬಹಳ ಕಡಿಮೆ, ಜತ್ತಕ್ಕಿಂತಲೂ ಕಡಿಮೆ. ಚಳಿಗಾಲದಲ್ಲಿ ಮಾತ್ರ ನಮಗೆ ಊಹಿಸಲೂ ಆಗದಷ್ಟು ಚಳಿ, ನೀರೆಲ್ಲ ಮಂಜುಗಡ್ಡೆ. ಅಲ್ಲಿಯ ಜನರೂ ಕುರಿ ಸಾಕುತ್ತಾರೆ. ಬೇಸಿಗೆಯಲ್ಲಿ ಹುಲ್ಲಿರುವ ಎತ್ತರದ ಜಾಗಕ್ಕೆ ಹಿಂಡನ್ನು ಹೊಡೆದುಕೊಂಡು ಹೋಗುತ್ತಾರೆ. ನಮ್ಮ ಕುರುಬರು ಉಣ್ಣೆಯಿಂದ ಕಂಬಳಿ ನೇಯುತ್ತಾರೆ. ಅವರು ಉಣ್ಣೆಯನ್ನು ತೋಯಿಸಿ, ಬಡಿದು, ದಪ್ಪನೆಯ ಹಾಸು ಮಾಡಿ ಅದರಿಂದ ಗುಡಾರವನ್ನೇ ಕಟ್ಟುತ್ತಾರೆ. ಊರು ಬೇರೆ, ನುಡಿ ಬೇರೆ. ಆದರೆ ಬೆಟ್ಟ, ಮೋಡ, ಕುರಿ ಇವುಗಳ ಲೆಕ್ಕ ಎರಡು ಕಡೆಯೂ ಒಂದೇ.

ಶಾಲೆಯ ಚಾವಣಿಯ ನೀರು

ಕೊನೆಗೆ ನಾವೇ ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ನಿಮ್ಮ ಶಾಲೆಯ ಒಂದು ಕೋಣೆಯ ಚಾವಣಿ 10 ಮೀಟರ್ ಉದ್ದ, 6 ಮೀಟರ್ ಅಗಲ ಇದೆ ಎಂದುಕೊಳ್ಳಿರಿ. ಎಂದರೆ 60 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ ಆ ಚಾವಣಿಯ ಮೇಲೆ ಬೀಳುವ ನೀರು ಎಷ್ಟು? 60ನ್ನು 500ರಿಂದ ಗುಣಿಸಿರಿ. 30,000 ಲೀಟರ್! 10,000 ಲೀಟರಿನ ಮೂರು ಟ್ಯಾಂಕರ್ ನೀರು. ಸ್ವಲ್ಪ ಆರಿ ಹೋದರೂ, ಸ್ವಲ್ಪ ಚೆಲ್ಲಿದರೂ ಎರಡು ಟ್ಯಾಂಕರಿಗೆ ಮೋಸವಿಲ್ಲ.

ಈ ನೀರನ್ನು ಕೊಳವೆಯಿಂದ ಇಳಿಸಿ ತೊಟ್ಟಿಯಲ್ಲಿ ತುಂಬಬಹುದು. ಇಲ್ಲವೆ ಗುಂಡಿ ತೋಡಿ ನೆಲದಲ್ಲಿ ಇಂಗಿಸಬಹುದು. ಹೊಲದಲ್ಲಿ ಒಡ್ಡು, ಹಳ್ಳಕ್ಕೆ ಅಡ್ಡಗಟ್ಟೆ, ತೋಟದಲ್ಲಿ ಕೃಷಿಹೊಂಡ ಇವೆಲ್ಲ ಮಾಡುವುದೂ ಇದೇ ಕೆಲಸವನ್ನು. ಓಡುವ ನೀರನ್ನು ನಡೆಯುವಂತೆ ಮಾಡಬೇಕು, ನಡೆಯುವ ನೀರನ್ನು ನಿಲ್ಲುವಂತೆ ಮಾಡಬೇಕು, ನಿಂತ ನೀರನ್ನು ಇಂಗುವಂತೆ ಮಾಡಬೇಕು. 2014ರ ಕೊನೆಯಲ್ಲಿ ಮಹಾರಾಷ್ಟ್ರ ಸರಕಾರ ‘ಜಲಯುಕ್ತ ಶಿವಾರ’ ಎಂಬ ಕಾರ್ಯಕ್ರಮವನ್ನು ಇದಕ್ಕಾಗಿಯೇ ತಂದಿತು. ಸರಕಾರ ಮಾಡುವುದನ್ನು ಸರಕಾರ ಮಾಡಲಿ. ನಮ್ಮ ಚಾವಣಿಯ ನೀರನ್ನು ನಾವು ಹಿಡಿಯಬಹುದಲ್ಲವೇ?

ಒಂದು ಕೆಲಸ ಮಾಡಿರಿ. ಸಪಾಟಾದ ತಳದ, ನೇರ ಬದಿಯ ಒಂದು ಡಬ್ಬಿಯನ್ನು ಅಂಗಳದಲ್ಲಿ ಮರದಿಂದ ದೂರ ಇಡಿರಿ. ಮಳೆ ನಿಂತ ಮೇಲೆ ಪಟ್ಟಿಯಿಂದ ಅದರಲ್ಲಿಯ ನೀರಿನ ಎತ್ತರ ಅಳೆಯಿರಿ. ಅದೇ ಆ ದಿನದ ಮಳೆ, ಮಿಲಿಮೀಟರಿನಲ್ಲಿ. ತಾರೀಖು ಹಾಕಿ ವಹಿಯಲ್ಲಿ ಬರೆದಿಡಿರಿ. ಒಂದು ವರ್ಷ ಬರೆದರೆ ನಿಮ್ಮ ಊರಿನ ಮಳೆಯ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಮುಂದಿನ ವರ್ಷ ಅದನ್ನು ಕೆಳಗಿನ ತರಗತಿಯ ತಮ್ಮ ತಂಗಿಯರಿಗೆ ಒಪ್ಪಿಸಿರಿ. ಅವರು ಮುಂದುವರಿಸಲಿ. ಹತ್ತು ವರ್ಷ ಕಳೆದ ಮೇಲೆ ಯಾರಾದರೂ “ನಿಮ್ಮೂರಿಗೆ ಎಷ್ಟು ಮಳೆ?” ಎಂದು ಕೇಳಿದರೆ, ಆ ವಹಿಯನ್ನು ತೆಗೆದು ತೋರಿಸಬಹುದು.